ಮೈಕಿನ ಮುಂದೆ ನಿಮ್ಮ ಜಾಗ ಯಾವುದು?

"ನಿನ್ನ ವಾಯ್ಸ್ ಚೆನ್ನಾಗಿದೆ, ಡಬ್ಬಿಂಗ್‌ಗೆ ಟ್ರೈ ಮಾಡು" ಎಂದು ಗೆಳೆಯರೋ ಮೇಷ್ಟ್ರೋ ಹೇಳಿದ ಮಾತು ಮನಸ್ಸಿನಲ್ಲಿ ಕೂತು ಈ ಕಡೆಗೆ ಬರುವವರೇ ಹೆಚ್ಚು. ಒಳ್ಳೆಯ ಆರಂಭವೇ. ಆದರೆ ಸ್ಟುಡಿಯೊದ ಗಾಜಿನಾಚೆ ಕೂತವರು ಕಿವಿಗೊಡುವ ಸಂಗತಿಗಳು ಬೇರೆ. ಆಡುತ್ತಿರುವ ಮಾತು ಈ ವ್ಯಕ್ತಿಗೆ ಅರ್ಥವಾಗಿದೆಯೇ? ಹತ್ತನೇ ಟೇಕ್ ಕೂಡ ಮೊದಲನೆಯದರಷ್ಟೇ ಜೀವಂತವಾಗಿದೆಯೇ? 'ಸಿಟ್ಟು ಕಮ್ಮಿ ಮಾಡಿ, ಬೇಸರ ಜಾಸ್ತಿ ಇರಲಿ' ಎಂದರೆ ಮುಂದಿನ ಟೇಕ್‌ನಲ್ಲೇ ಆ ಬದಲಾವಣೆ ಬರುತ್ತದೆಯೇ? ಇವಿಷ್ಟು ಕೈಗೂಡಿದ್ದರೆ ಸಾಧಾರಣ ದನಿಯವರಿಗೂ ಕೆಲಸವಿದೆ. ಇಲ್ಲದಿದ್ದರೆ ಕಂಚಿನ ಕಂಠವಿದ್ದರೂ ಎರಡನೇ ಸಲ ಫೋನ್ ಬರುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಯನ್ನು ಗಂಭೀರವಾಗಿ ಕಲಿಯಲು ಇದು ತಕ್ಕ ಕಾಲ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಸುಮಾರು ಅರ್ಧ ಶತಮಾನ ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಲಿಲ್ಲ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಮ್ಮಲ್ಲಿ ಕಂಠದಾನವೆಂದರೆ ಬಹುಮಟ್ಟಿಗೆ ಕನ್ನಡ ಬಾರದ ನಾಯಕಿಗೆ ಕನ್ನಡ ಚಿತ್ರದಲ್ಲೇ ದನಿ ಕೊಡುವ ಕೆಲಸವಾಗಿ ಉಳಿಯಿತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗಭೂಮಿಯ ದುಡಿಮೆಯ ಜೊತೆಗೇ ಮಾಧವಿ, ಜಯಪ್ರದಾ, ಅಂಬಿಕಾ ಮೊದಲಾದವರಿಗೆ ದನಿಯಾದದ್ದು ಹೀಗೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ಆದೇಶಿಸಿತು. 2017ರ ಮಾರ್ಚ್‌ನಲ್ಲಿ ಅಜಿತ್ ನಟಿಸಿದ ತಮಿಳಿನ 'ಎನ್ನೈ ಅರಿಂದಾಲ್' 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡವಾಡಿತು. 2020ರ ಲಾಕ್‌ಡೌನ್‌ನಲ್ಲಿ ಹೊಸ ಎಪಿಸೋಡ್‌ಗಳ ಚಿತ್ರೀಕರಣ ನಿಂತಾಗ ಡಬ್ ಆದ ಧಾರಾವಾಹಿಗಳು ಬಂದವು: ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ', ಆಮೇಲೆ ಜೀ ಕನ್ನಡದಲ್ಲಿ ಅಂಬೇಡ್ಕರ್ ಜೀವನದ 'ಮಹಾನಾಯಕ' ಮನೆಮನೆಯನ್ನು ಹೊಕ್ಕವು. ಈಗ ದೊಡ್ಡ ತೆಲುಗು, ತಮಿಳು ಚಿತ್ರಗಳು ಕನ್ನಡದ ಟ್ರ್ಯಾಕ್ ಜೊತೆಗೇ ತೆರೆಗೆ ಬರುತ್ತವೆ. ಕೆಲಸ ಹೆಚ್ಚಿದೆ, ಹಾಗೆಯೇ ಬಾಗಿಲು ತಟ್ಟುವವರೂ ಹೆಚ್ಚಿದ್ದಾರೆ. ಹೊಸಬರಲ್ಲಿ ಬಹಳಷ್ಟು ಜನ ಒಂದೇ ಬಗೆಯ ದನಿಯನ್ನು, ಸಿನಿಮಾ ಟ್ರೇಲರ್‌ನ ಆ ಗಡಸು ದನಿಯನ್ನು, ಅನುಕರಿಸುತ್ತಾ ಬರುತ್ತಾರೆ. ಆ ಜಾಗದಲ್ಲಿ ಈಗಾಗಲೇ ನುರಿತವರು ಕೂತಿದ್ದಾರೆ. ಖಾಲಿ ಇರುವ ಜಾಗಗಳು ಬೇರೆ ಕಡೆ ಇವೆ.

ಓದುವುದನ್ನು ಬಿಟ್ಟು ಹೇಳುವುದು

ಮೊದಲ ಪಾಠ ಕಾಗದದ ಮೇಲಿನ ವಾಕ್ಯವನ್ನು ಓದದೆ ಹೇಳುವುದು. ಶಾಲೆಯಲ್ಲಿ ನಮಗೆ ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದೇ ರಾಗದಲ್ಲಿ ಓದಲು ಕಲಿಸಿರುತ್ತಾರೆ. ಪ್ರತಿ ವಾಕ್ಯದ ಕೊನೆಯಲ್ಲೂ ದನಿ ಒಂದೇ ಥರ ಇಳಿಯುತ್ತದೆ. ಈ ರಾಗ ಬಿಡಿಸುವುದಕ್ಕೇ ಕೆಲವರಿಗೆ ತಿಂಗಳುಗಟ್ಟಲೆ ಬೇಕು.

ಒಂದು ಸಣ್ಣ ಜಾಹೀರಾತಿನ ಸಾಲು ತೆಗೆದುಕೊಳ್ಳೋಣ: 'ಅಮ್ಮನ ಕೈರುಚಿ, ಈಗ ನಿಮ್ಮ ಮನೆಯಲ್ಲೇ.' ಹೊಸಬರು 'ಅಮ್ಮನ' ಒತ್ತುತ್ತಾರೆ, 'ಈಗ' ಒತ್ತುತ್ತಾರೆ, 'ನಿಮ್ಮ' ಒತ್ತುತ್ತಾರೆ, ಕೊನೆಗೆ 'ಮನೆಯಲ್ಲೇ' ಎಂಬುದನ್ನೂ ಎಳೆಯುತ್ತಾರೆ. ನಾಲ್ಕು ಕಡೆ ಒತ್ತಿದರೆ ಎಲ್ಲೂ ಒತ್ತಿದಂತಾಗುವುದಿಲ್ಲ. ಕನ್ನಡದಲ್ಲಿ ಒತ್ತು ಎಷ್ಟೋ ಸಲ ಪದದೊಳಗೇ ಕೂತಿರುತ್ತದೆ. 'ಮನೆಯಲ್ಲೇ' ಎಂಬುದರ ಕೊನೆಯ ಏಕಾರವೇ ಆ ಕೆಲಸ ಮಾಡಿದೆ. 'ಅವನೂ', 'ಬಂದೇ ಬರ್ತಾನೆ', 'ನಾನೇನೋ ಹೇಳಿದೆ' ಇವುಗಳಲ್ಲೂ ಹಾಗೆಯೇ. ಭಾಷೆ ತಾನೇ ತೋರಿಸಿದ ಕಡೆ ಮಾತ್ರ ಭಾರ ಹಾಕಿ ಉಳಿದದ್ದನ್ನು ಹಗುರವಾಗಿ ಬಿಟ್ಟರೆ ಸಾಲು ಮಾತಿನಂತೆ ಕೇಳುತ್ತದೆ. ಇನ್ನು ಇದನ್ನು ಹೇಳುತ್ತಿರುವವರು ಯಾರು? ಊರಿನಿಂದ ಮಗಳಿಗೆ ಉಪ್ಪಿನಕಾಯಿ ಕಳಿಸುತ್ತಿದ್ದ ತಾಯಿಯೋ, ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಅದನ್ನು ನೆನೆಯುವ ಮಗಳೋ, ಅಂಗಡಿಯವನೋ? ಯಾರಿಗೆ ಹೇಳುತ್ತಿದ್ದಾರೆ? ಈ ಸಾಲಿಗಿಂತ ಒಂದು ಕ್ಷಣ ಮುಂಚೆ ಏನಾಯಿತು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಅದೇ ಸಾಲನ್ನು ಮತ್ತೆ ಹೇಳಿ ನೋಡಿ. ದನಿ ಬದಲಿಸುವ ಪ್ರಯತ್ನ ಮಾಡದೆಯೇ ದನಿ ಬದಲಾಗಿರುತ್ತದೆ.

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಆಗಬೇಕು. ಪತ್ರಿಕೆಯ ಒಂದು ಸುದ್ದಿ, ಒಂದು ಸಣ್ಣಕತೆಯ ಸಂಭಾಷಣೆಯ ತುಣುಕು, ಒಂದು ಸರ್ಕಾರಿ ಪ್ರಕಟಣೆ ಹೀಗೆ ಬೇರೆ ಬೇರೆ ಜಾತಿಯ ಬರಹವನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಆಗಲೇ ಕೇಳಿದರೆ ನಿಮಗೆ ನಿಮ್ಮ ಉದ್ದೇಶ ಕೇಳಿಸುತ್ತದೆ. ಒಂದು ರಾತ್ರಿ ಕಳೆದ ಮೇಲಷ್ಟೇ ನಿಮ್ಮ ದನಿ ಕೇಳಿಸುತ್ತದೆ.

ಉಚ್ಚಾರದ ವಿಷಯದಲ್ಲಿ ಕನ್ನಡಕ್ಕೆ ಅದರದೇ ಆದ ಮುಳ್ಳುಗಳಿವೆ. ಅಕಾರ ಹಕಾರದ ಅದಲುಬದಲು, ಮಹಾಪ್ರಾಣ ಸವೆದು ಅಲ್ಪಪ್ರಾಣವಾಗುವುದು, ಶ-ಷ-ಸ ಒಂದಾಗುವುದು, ಣ ಹೋಗಿ ನ, ಳ ಹೋಗಿ ಲ ಬರುವುದು, ಒತ್ತಕ್ಷರ ಸಡಿಲವಾಗುವುದು. ಇವು ನಮ್ಮ ಊರಿನ ಮಾತಿನ ಗುಣಗಳು, ದೋಷಗಳಲ್ಲ. ಆದರೆ ಬೇಕೆಂದಾಗ ತರಲು, ಬೇಡವೆಂದಾಗ ಬಿಡಲು ಬರಬೇಕು. ತರೀಕೆರೆ ಏರಿಯ ಕುರಿಮರಿಗಳ ನಾಲಿಗೆ ತಿರುಚು ಆಟ ಎಲ್ಲರಿಗೂ ಗೊತ್ತು. ಅದನ್ನು ವೇಗವಾಗಿ ಹೇಳುವುದಕ್ಕಿಂತ ನಿಧಾನವಾಗಿ, ಪ್ರತಿ ರೇಫವೂ ಕೇಳುವಂತೆ ಹೇಳುವುದು ಹೆಚ್ಚು ಉಪಯೋಗದ್ದು. ಅಂಕಿಗಳನ್ನೂ ಅಭ್ಯಾಸ ಮಾಡಿ. ಸ್ಕ್ರಿಪ್ಟಿನಲ್ಲಿ '1.5 ಲಕ್ಷ' ಎಂದಿದ್ದರೆ ಬಾಯಿಗೆ 'ಒಂದೂವರೆ ಲಕ್ಷ' ಬರಬೇಕು, ಫೋನ್ ನಂಬರನ್ನು ಎಲ್ಲಿ ಒಡೆದು ಹೇಳಬೇಕೆಂಬುದು ತಿಳಿದಿರಬೇಕು.

ಗ್ರಂಥದ ಕನ್ನಡಕ್ಕೂ ಆಡುಗನ್ನಡಕ್ಕೂ ನಡುವೆ ಇರುವ ದೂರ ಇನ್ನೊಂದು ತೊಡಕು. ಬರೆದವರು 'ಮಾಡುತ್ತಿದ್ದೇನೆ' ಎಂದು ಕೊಟ್ಟಿರುತ್ತಾರೆ, ಪಾತ್ರಕ್ಕೆ 'ಮಾಡ್ತಿದ್ದೀನಿ' ಹೊಂದುತ್ತದೆ. ಕೇಳದೆ ಬದಲಿಸಬೇಡಿ, ಕೇಳದೆ ಸುಮ್ಮನೂ ಇರಬೇಡಿ. 'ಸರ್, ಇದನ್ನ ಆಡೋ ಥರ ಹೇಳ್ಲಾ?' ಎಂದು ಕೇಳುವ ಕಲಾವಿದರನ್ನು ನಿರ್ದೇಶಕರು ನೆನಪಿಟ್ಟುಕೊಳ್ಳುತ್ತಾರೆ.

ಗುರುಗಳು ಎಲ್ಲಿದ್ದಾರೆ

'ವಾಯ್ಸ್ ಓವರ್ ಕೋರ್ಸ್' ಎಂಬ ಹೆಸರಿನಲ್ಲಿ ವಾರಾಂತ್ಯದ ತರಗತಿಗಳು ಬೇಕಾದಷ್ಟಿವೆ. ಮೈಕಿನ ಪರಿಚಯಕ್ಕೆ ಅವು ಪರವಾಗಿಲ್ಲ. ಆದರೆ ಕಂಠದಾನದ ಬೇರು ನಟನೆಯಲ್ಲಿದೆ, ನಟನೆ ಕಲಿಯಲು ಕರ್ನಾಟಕದಷ್ಟು ಅನುಕೂಲ ಇರುವ ಜಾಗ ಕಡಿಮೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ, ಮೈಸೂರಿನ ರಂಗಾಯಣ, ಸಾಣೇಹಳ್ಳಿಯ ಶಿವಸಂಚಾರ, ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿ ಕಟ್ಟಿದ ಭಾನುವಾರದ ಶಾಲೆ ಅಭಿನಯ ತರಂಗ ಇವೆಲ್ಲ ನಟರನ್ನು ತಯಾರು ಮಾಡಿದ ಮನೆಗಳು. ಆಕಾಶವಾಣಿಯಲ್ಲಿ 'ಈರಣ್ಣ'ನಾಗಿ ಊರೂರಿಗೆ ಗೊತ್ತಿದ್ದವರು ಇದೇ ಮೂರ್ತಿ. ದನಿಯೊಂದರಿಂದಲೇ ಒಬ್ಬ ಮನುಷ್ಯನನ್ನು ಕಣ್ಣೆದುರು ನಿಲ್ಲಿಸಬಹುದೆಂದು ತೋರಿಸಿದವರು. ಪೂರ್ಣಾವಧಿ ಕಲಿಯಲು ಆಗದಿದ್ದರೆ ಊರಿನ ಹವ್ಯಾಸಿ ತಂಡವೊಂದನ್ನು ಸೇರಿ. ಒಂದು ನಾಟಕದ ತಾಲೀಮು ಕಲಿಸುವಷ್ಟನ್ನು ಹತ್ತು ವಿಡಿಯೊ ಪಾಠಗಳು ಕಲಿಸುವುದಿಲ್ಲ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಭಾಗ್ಯವಿದೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ಮಾತಿನಿಂದ ರಾವಣನಾಗಬೇಕು, ವಾಲಿಯಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಕೇಳಿದವರಿಗೆ ಇದರ ಆಳ ಗೊತ್ತು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದಕ್ಕೇ ಉತ್ತರ ಕೊಡುವ ಆ ಗುಣ ಡಬ್ಬಿಂಗ್‌ನಲ್ಲಿ ಬಹಳ ದೊಡ್ಡದು. ಏಕೆಂದರೆ ಅಲ್ಲಿ ನೀವು ಒಬ್ಬರೇ ಮೈಕಿನ ಮುಂದೆ ನಿಂತಿರುತ್ತೀರಿ. ಎದುರು ಪಾತ್ರದ ಮಾತು ಹೆಡ್‌ಫೋನ್‌ನಲ್ಲಿ ಪರಭಾಷೆಯಲ್ಲಿ ಬರುತ್ತಿರುತ್ತದೆ.

ಬಾನುಲಿ ಮತ್ತೊಂದು ಶಾಲೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಕೇಂದ್ರದಿಂದ ಮೊದಲಾಗಿ ಇಂದಿನವರೆಗೆ ಕನ್ನಡದ ಶಿಸ್ತಾದ ಮಾತು ರೂಪುಗೊಂಡಿರುವುದು ರೇಡಿಯೊದಲ್ಲಿ. ಆಕಾಶವಾಣಿ ಕೇಂದ್ರಗಳು ಅರೆಕಾಲಿಕ ಉದ್ಘೋಷಕರಿಗೆ, ನಾಟಕ ಕಲಾವಿದರಿಗೆ ಧ್ವನಿ ಪರೀಕ್ಷೆ ನಡೆಸುತ್ತವೆ. ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಸಮುದಾಯ ಬಾನುಲಿಗಳಲ್ಲಿ ಪ್ರವೇಶ ಇನ್ನೂ ಸುಲಭ: ಮಂಗಳೂರಿನ ರೇಡಿಯೊ ಸಾರಂಗ್, ಮಣಿಪಾಲದ ರೇಡಿಯೊ ಮಣಿಪಾಲ್, ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ ಅಂಥವು. ಕಾಸು ಸಿಗದಿರಬಹುದು, ಆದರೆ ತಪ್ಪಿದರೆ ತಿದ್ದುವವರಿದ್ದಾರೆ, ಕೇಳುಗರಿದ್ದಾರೆ, ಪ್ರತಿ ವಾರ ಹೊಸ ಸ್ಕ್ರಿಪ್ಟ್ ಇದೆ.

ತುಟಿಯ ಲೆಕ್ಕ

ಡಬ್ಬಿಂಗ್‌ನ ತಾಂತ್ರಿಕ ಕಷ್ಟ ಎಲ್ಲಕ್ಕಿಂತ ಹೆಚ್ಚು, ಕೆಲಸವೂ ಅಲ್ಲೇ ಹೆಚ್ಚು. ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತೆರೆಯ ಮೇಲೆ ನಟ 'ಮುಝೆ ಮಾಫ್ ಕರ್ ದೋ' ಎನ್ನುತ್ತಾನೆ. ಐದು ಉಚ್ಚಾರಾಂಶ. 'ಮು'ದಲ್ಲಿ, 'ಮಾ'ದಲ್ಲಿ ತುಟಿ ಪೂರ್ತಿ ಮುಚ್ಚುತ್ತದೆ, ಕೊನೆಯ 'ದೋ'ದಲ್ಲಿ ದುಂಡಗಾಗಿ ನಿಲ್ಲುತ್ತದೆ. ಇದಕ್ಕೆ 'ನನ್ನನ್ನು ಕ್ಷಮಿಸಿಬಿಡು' ಎಂದು ಬರೆದರೆ ಎಂಟು ಉಚ್ಚಾರಾಂಶ; ತೆರೆಯಲ್ಲಿ ತುಟಿ ಮುಚ್ಚುವ ಹೊತ್ತಿಗೆ ನಿಮ್ಮ ಬಾಯಲ್ಲಿ 'ನ' ಇರುತ್ತದೆ. ಎಂಜಿನಿಯರ್ 'ಲಿಪ್ ಕೂರ್ತಿಲ್ಲ' ಎನ್ನುವುದು ಆಗಲೇ. 'ಮನ್ನಿಸಿಬಿಡು' ಎಂದರೆ ಲೆಕ್ಕ ಸರಿಯಾಗಿ ಐದು, ಆರಂಭದ ಮುಚ್ಚುವಿಕೆ ಸಿಕ್ಕಿತು, ಕೊನೆಯ ಉಕಾರ ದುಂಡುತುಟಿಗೆ ಹೊಂದಿತು. ಆದರೆ ಗಲ್ಲಿಯ ಹುಡುಗನ ಬಾಯಲ್ಲಿ 'ಮನ್ನಿಸು' ಕೂರುವುದಿಲ್ಲ. ಪಾತ್ರ ಬೀದರ್ ಕಡೆಯವನಂತೆ ಇರಬಹುದಾದರೆ 'ಮಾಫ್ ಮಾಡ್ಬಿಡು' ಎಂಬುದು ತುಟಿಗೂ ಪಾತ್ರಕ್ಕೂ ಹೊಂದುತ್ತದೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ಹತ್ತಿರದ ಶಾಟ್‌ನಲ್ಲಿ ಆ ಮೂರನ್ನು ಕೂರಿಸಿದರೆ ನೋಡುಗರ ಕಣ್ಣು ಉಳಿದದ್ದನ್ನು ಕ್ಷಮಿಸುತ್ತದೆ. ಈ ಸಾಲುಗಳನ್ನು ಬರೆಯುವುದು ಸಂಭಾಷಣೆಕಾರರ ಕೆಲಸವೇ ಆದರೂ, ಸ್ಟುಡಿಯೊದಲ್ಲಿ ಒಂದು ಪದ ಕೂರದೆ ಎಲ್ಲರೂ ತಲೆ ಕೆರೆದುಕೊಳ್ಳುವಾಗ ಪರ್ಯಾಯ ಪದ ಹೇಳಬಲ್ಲ ಕಲಾವಿದರಿಗೆ ಬೆಲೆಯಿದೆ. ಇದಕ್ಕೆ ಪದಸಂಪತ್ತು ಬೇಕು, ಪದಸಂಪತ್ತಿಗೆ ಓದು ಬೇಕು.

ಹಿಂದಿ, ತೆಲುಗು, ತಮಿಳಿನಲ್ಲಿ ವಾಕ್ಯದ ಕಟ್ಟು ನಮ್ಮಂತೆಯೇ, ಕ್ರಿಯಾಪದ ಕೊನೆಗೆ. ಇಂಗ್ಲಿಷ್ ಚಿತ್ರದಲ್ಲಿ ನಿಜವಾದ ಪರೀಕ್ಷೆ. ಅಲ್ಲಿ 'ಇಲ್ಲ' ಎಂಬುದು ವಾಕ್ಯದ ಮೊದಲಲ್ಲೇ ಬಂದು, ನಟ ಆಗಲೇ ತಲೆ ಅಲ್ಲಾಡಿಸಿಬಿಟ್ಟಿರುತ್ತಾನೆ. ಕನ್ನಡದ 'ಇಲ್ಲ' ಕೊನೆಗೆ ಬರುವ ಹೊತ್ತಿಗೆ ಆತ ಬೇರೆ ಕಡೆ ನೋಡುತ್ತಿರುತ್ತಾನೆ. ಅಂಥ ಕಡೆ ಮಾತಿನ ಮೊದಲಿಗೇ ಒಂದು 'ಊಹೂಂ', ಒಂದು 'ಛೇ' ಸೇರಿಸಿ ಆ ತಲೆಯಾಟಕ್ಕೆ ದನಿ ಕೊಡುತ್ತಾರೆ.

ಮಾತಿಲ್ಲದ ಭಾಗವೂ ನಿಮ್ಮದೇ. ಏದುಸಿರು, ನಗು, ಬಿಕ್ಕು, ಏಟು ಬಿದ್ದಾಗಿನ ನರಳಿಕೆ, ನೀರು ಕುಡಿಯುವ ಸದ್ದು ಇವನ್ನೆಲ್ಲ ಸ್ಟುಡಿಯೊದಲ್ಲಿ 'ರಿಯಾಕ್ಷನ್' ಎನ್ನುತ್ತಾರೆ. ಮನೆಯಲ್ಲಿ ಟಿ.ವಿ.ಯ ದನಿ ಪೂರ್ತಿ ತಗ್ಗಿಸಿ, ಗೊತ್ತಿರದ ಭಾಷೆಯ ದೃಶ್ಯವೊಂದಕ್ಕೆ ಬರೀ ಉಸಿರು ಕೊಟ್ಟು ನೋಡಿ. ಪಾತ್ರ ಎಲ್ಲಿ ಉಸಿರೆಳೆಯುತ್ತದೋ ಅಲ್ಲೇ ನೀವೂ ಎಳೆದರೆ ಮಾತು ತಾನಾಗಿ ಕೂರುತ್ತದೆ.

ದೊಡ್ಡ ಪಾತ್ರದ ಕನಸನ್ನು ಸ್ವಲ್ಪ ಕಾಲ ಬದಿಗಿಡಿ. 'ಆರ್‌ಆರ್‌ಆರ್' ಚಿತ್ರಕ್ಕೆ ಜೂನಿಯರ್ ಎನ್‌ಟಿಆರ್, ರಾಮ್ ಚರಣ್ ಕನ್ನಡದಲ್ಲಿ ತಾವೇ ಮಾತಾಡಿದರು. ಹೊಸಬರ ಪಾಲಿಗೆ ಬರುವುದು ಗೆಳೆಯ, ಪೇದೆ, ವಕೀಲ, ಅತ್ತೆ, ಬಸ್ಸಿನ ಕಂಡಕ್ಟರ್, ಗುಂಪಿನ ಗದ್ದಲ. ಒಂದೇ ದಿನ ನಾಲ್ಕು ಸಣ್ಣ ಪಾತ್ರಗಳನ್ನು ನಾಲ್ಕು ಬೇರೆ ಮನುಷ್ಯರಂತೆ ಕೇಳಿಸಬಲ್ಲವರಿಗೆ ಕರೆ ನಿಲ್ಲುವುದಿಲ್ಲ. ದನಿಯ ದಾರಿಯಿಂದ ತೆರೆಗೆ ಬಂದವರೂ ಇದ್ದಾರೆ: ತೆಲುಗಿನ 'ಅರುಂಧತಿ'ಯಲ್ಲಿ ಸೋನು ಸೂದ್‌ಗೆ ದನಿಯಾಗಿದ್ದ ಪಿ. ರವಿಶಂಕರ್ 2011ರ 'ಕೆಂಪೇಗೌಡ'ದ ಆರ್ಮುಗಂ ಆದರು. ಅವರಣ್ಣ ಸಾಯಿಕುಮಾರ್ ಡಬ್ಬಿಂಗ್‌ನಲ್ಲಿ ಪಳಗಿ 1996ರ 'ಪೊಲೀಸ್ ಸ್ಟೋರಿ'ಗೆ ಬಂದಿದ್ದರು.

ಬೇರೆ ಬೇರೆ ಅಂಗಳಗಳು

ಆಡಿಯೊ ಪುಸ್ತಕ ತಾಳ್ಮೆಯವರ ಕ್ಷೇತ್ರ. ಮೈಲ್ಯಾಂಗ್, ಪ್ರತಿಲಿಪಿ, ಪಾಕೆಟ್ ಎಫ್‌ಎಂ, ಕುಕು ಎಫ್‌ಎಂ ಮುಂತಾದ ವೇದಿಕೆಗಳು ಬಂದ ಮೇಲೆ ಕನ್ನಡದಲ್ಲಿ ಕೇಳುವ ಓದುಗರು ಹುಟ್ಟಿಕೊಂಡಿದ್ದಾರೆ. ಇಲ್ಲಿ ಮುಖ್ಯವಾದದ್ದು ಗಂಟೆಗಟ್ಟಲೆ ಒಂದೇ ಮಟ್ಟದ ದನಿ. ಸೋಮವಾರ ಓದಿದ ಅಧ್ಯಾಯಕ್ಕೂ ಶುಕ್ರವಾರ ಓದಿದ್ದಕ್ಕೂ ವ್ಯತ್ಯಾಸ ತಿಳಿಯಬಾರದು. ಒಂದು ಗಂಟೆಯ ಸಿದ್ಧ ಆಡಿಯೊಗೆ ಹೊಸಬರು ಎರಡು ಮೂರು ಗಂಟೆ ಮೈಕಿನ ಮುಂದೆ ಕೂರಬೇಕಾಗುತ್ತದೆ, ಎಡಿಟಿಂಗ್ ಬೇರೆ. ಪಾತ್ರಗಳಿಗೆ ಪೂರ್ತಿ ಬೇರೆ ಬೇರೆ ದನಿ ಮಾಡಲು ಹೋಗಬೇಡಿ. ಲಯವನ್ನು, ಭಾರವನ್ನು ಚೂರು ಬದಲಿಸಿದರೆ ಸಾಕು. ಓದಲು ಒಪ್ಪುವ ಮುಂಚೆ ಪುಸ್ತಕವನ್ನು ಕೊನೆಯವರೆಗೆ ಓದಿ. ಇನ್ನೂರನೇ ಪುಟದಲ್ಲಿ 'ತೊದಲುತ್ತಾ ಹೇಳಿದ' ಎಂಬ ವಿವರ ಸಿಕ್ಕಾಗ ಹಿಂದಿನದೆಲ್ಲ ಮತ್ತೆ ಓದುವ ಪಾಡು ಯಾರಿಗೂ ಬೇಡ.

ಸಾರ್ವಜನಿಕ ಪ್ರಕಟಣೆ, ಐವಿಆರ್ (ಫೋನಿನ ಸ್ವಯಂಚಾಲಿತ ಉತ್ತರ), ತರಬೇತಿ ವಿಡಿಯೊಗಳಲ್ಲಿ ನಟನೆ ಕಡಿಮೆ, ಸ್ಪಷ್ಟತೆ ಹೆಚ್ಚು. ಹೆಸರಿಲ್ಲದ ಕೆಲಸವೆಂದು ಇದನ್ನು ಕಡೆಗಣಿಸುವವರಿದ್ದಾರೆ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿಯಾಗಿದ್ದ ಅಪರ್ಣಾ ಅವರನ್ನು ನೆನೆಯಿರಿ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ 'ಮಸಣದ ಹೂವು' ಚಿತ್ರದಿಂದ ಬಂದು, ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಮಾತನ್ನು ತಿದ್ದಿ ತೀಡಿಕೊಂಡವರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಅವರನ್ನು ಎಂದೂ ಭೇಟಿಯಾಗದ ಪ್ರಯಾಣಿಕರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಮುಂದಿನ ನಿಲ್ದಾಣದ ಹೆಸರು ಹೇಳುವ ಎರಡು ಸಾಲಿನಲ್ಲೂ ಅಷ್ಟು ಅಕ್ಕರೆ ತುಂಬಬಹುದು.

ಸಾಕ್ಷ್ಯಚಿತ್ರದ ನಿರೂಪಣೆ ಹಿಂದೆ ನಿಂತು ಹೇಳುವ ಕಲೆ. 'ವೈಲ್ಡ್ ಕರ್ನಾಟಕ'ವನ್ನು ಡೇವಿಡ್ ಆಟೆನ್‌ಬರೊ ಅವರ ಇಂಗ್ಲಿಷಿನಲ್ಲೂ ರಿಷಬ್ ಶೆಟ್ಟಿಯವರ ಕನ್ನಡದಲ್ಲೂ ಒಂದಾದ ಮೇಲೊಂದು ಕೇಳಿದರೆ, ಚಿತ್ರಕ್ಕೆ ಎಲ್ಲಿ ಜಾಗ ಬಿಟ್ಟು ಸುಮ್ಮನಿರಬೇಕೆಂಬ ಪಾಠ ಪುಕ್ಕಟೆಯಾಗಿ ಸಿಗುತ್ತದೆ. ಮಕ್ಕಳ ಕಾರ್ಟೂನ್‌ಗಳಿಗೆ ಚುರುಕು, ದಣಿವಿಲ್ಲದ ಗಂಟಲು ಬೇಕು. 2009ರಲ್ಲಿ ಚಿಂಟು ಟಿ.ವಿ. ಬಂದು ಡೋರಾ ಕನ್ನಡದಲ್ಲಿ ಮಾತಾಡಿದಾಗ ನಮ್ಮ ಮಕ್ಕಳು ಅವಳಿಗೆ ಕನ್ನಡದಲ್ಲೇ ಉತ್ತರ ಕೊಟ್ಟರು. ಚಿಕ್ಕ ಹುಡುಗರ ಪಾತ್ರಕ್ಕೆ ದೊಡ್ಡ ಹೆಂಗಸರೇ ದನಿ ಕೊಡುವುದು ವಾಡಿಕೆ, ಎಳೆಯ ದನಿಯ ಮಹಿಳೆಯರಿಗೆ ಇದು ಒಳ್ಳೆಯ ಅವಕಾಶ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಇರುವುದು ಪ್ರಾದೇಶಿಕ ಕನ್ನಡಗಳಲ್ಲಿ. ಡಬ್ ಆದ ಚಿತ್ರಗಳಲ್ಲಿ ರೈತ, ಕಲೆಕ್ಟರ್, ರೌಡಿ ಎಲ್ಲರೂ ಒಂದೇ ಸ್ಟುಡಿಯೊ ಕನ್ನಡ ಆಡುವುದನ್ನು ಕೇಳಿದಾಗ ಮನಸ್ಸಿಗೆ ಕಷ್ಟವಾಗುತ್ತದೆ. ರಾಯಲಸೀಮೆಯ ಪಾತ್ರಕ್ಕೆ ಬಳ್ಳಾರಿಯದೋ ಕೋಲಾರದ್ದೋ ಮಾತು ಎಷ್ಟು ಚೆನ್ನಾಗಿ ಹೊಂದೀತು! 2022ರ 'ಕಾಂತಾರ' ಕರಾವಳಿಯ ಕನ್ನಡವನ್ನು ರಾಜ್ಯದ ಉದ್ದಗಲಕ್ಕೆ ಕೇಳಿಸಿತು, ಯಾರೂ ಅರ್ಥವಾಗಲಿಲ್ಲ ಎಂದು ಎದ್ದು ಹೋಗಲಿಲ್ಲ. ಕಲಬುರಗಿ, ಧಾರವಾಡ, ಮಂಡ್ಯ, ಕುಂದಾಪುರದ ಮಾತನ್ನು ಹುಟ್ಟಿನಿಂದ ಆಡುವವರು ಅದನ್ನು ತೊಳೆದುಕೊಂಡು ಬೆಂಗಳೂರಿಗೆ ಬರುವುದು ಬೇಡ. ಶಿಷ್ಟ ಕನ್ನಡವನ್ನೂ ಕಲಿತು, ಊರಿನ ಕನ್ನಡವನ್ನೂ ಉಳಿಸಿಕೊಂಡವರ ಹತ್ತಿರ ಎರಡು ವಿದ್ಯೆ ಇರುತ್ತದೆ.

ನಿಮ್ಮದನ್ನು ಕಂಡುಕೊಳ್ಳುವ ಬಗೆ

ಇಷ್ಟರಲ್ಲಿ ಯಾವುದು ನಿಮ್ಮದು? ನೀವು ದಿನವೂ ಆಡುವ ಮಾತಿಗೆ ಯಾವುದು ತೀರಾ ಹತ್ತಿರವೋ ಅಲ್ಲಿಂದ ಶುರು ಮಾಡಿ. ನರ್ಸ್ ಆಗಿ ಕೆಲಸ ಮಾಡಿದವರು ಆರೋಗ್ಯ ಮಾಹಿತಿಯನ್ನು, ಮೇಷ್ಟ್ರಾದವರು ಪಾಠದ ವಿಡಿಯೊವನ್ನು ಹೇಳುವಾಗ ಪದಗಳು ತಡವರಿಸುವುದಿಲ್ಲ, ನಂಬಿಕೆಯೂ ತಾನಾಗಿ ಬರುತ್ತದೆ. ನಿಮ್ಮ ದನಿ ಎಷ್ಟು ವಯಸ್ಸಿನದಾಗಿ ಕೇಳುತ್ತದೆ ಎಂಬುದನ್ನು ನಿಮ್ಮನ್ನು ನೋಡದವರಿಂದ ಕೇಳಿ ತಿಳಿಯಿರಿ. ಮನೆಯವರ, ಗೆಳೆಯರ ಮೆಚ್ಚುಗೆ ಈ ಪ್ರಶ್ನೆಗೆ ಉಪಯೋಗಕ್ಕೆ ಬರುವುದಿಲ್ಲ. ಒಂದೇ ವಾರದಲ್ಲಿ ಒಂದು ಜಾಹೀರಾತು, ಒಂದು ಕತೆಯ ಪುಟ, ಒಂದು ಸಿನಿಮಾ ದೃಶ್ಯ, ಒಂದು ಪ್ರಕಟಣೆ ರೆಕಾರ್ಡ್ ಮಾಡಿ. ಯಾವುದರಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದು ಮುಗಿದ ಮೇಲೆ ಗಂಟಲು ಉರಿಯಿತು ಎಂದು ಬರೆದಿಡಿ. ಕೆಲಸ ಬರಲು ಶುರುವಾದ ಮೇಲೆ ಇನ್ನೂ ಗಟ್ಟಿಯಾದ ಸೂಚನೆ ಸಿಗುತ್ತದೆ: ಯಾವ ಬಗೆಯ ಕೆಲಸಕ್ಕೆ ಅದೇ ಜನ ಮತ್ತೆ ಕರೆದರು ಎಂಬುದು.

ಗಂಟಲಿನ ಆರೈಕೆಯ ಬಗ್ಗೆ ಎರಡು ಮಾತು. ಕಿರುಚುವ, ಕೂಗುವ ದೃಶ್ಯಗಳನ್ನು ಆ ದಿನದ ಕೊನೆಗೆ ಇಡಿ ಎಂದು ಮೊದಲೇ ಕೇಳಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಬೆಳಿಗ್ಗೆ ಐದು ನಿಮಿಷ ತುಟಿ ಮುಚ್ಚಿ 'ಮ್...' ಎಂದು ಗುಂಯ್‌ಗುಟ್ಟಿ, ಸ್ಟ್ರಾ ಮೂಲಕ ಸಣ್ಣಗೆ ಸ್ವರ ಹೊರಡಿಸಿ ಗಂಟಲನ್ನು ಎಚ್ಚರಗೊಳಿಸಿ. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಬಿಡಿ, ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ. ಗಂಟಲು ಕೂತು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಮನೆಮದ್ದು ನಿಲ್ಲಿಸಿ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ದನಿಯನ್ನೇ ದುಡಿಮೆ ಮಾಡಿಕೊಂಡವರ ತೊಂದರೆಗಳನ್ನು ನೋಡುವ ತಜ್ಞರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿದ್ದಾರೆ.

ಮನೆಯ ಮೂಲೆ, ಕಳಿಸುವ ಡೆಮೊ

ಮೈಕಿಗೆ ದುಡ್ಡು ಸುರಿಯುವ ಮುಂಚೆ ಕೋಣೆಯನ್ನು ಸರಿಮಾಡಿ. ಬರಿಗೋಡೆಯ ಕೋಣೆಯಲ್ಲಿ ದುಬಾರಿ ಕಂಡೆನ್ಸರ್ ಮೈಕು ಪಕ್ಕದ ಮನೆಯ ಮಿಕ್ಸಿಯನ್ನೂ ಬ್ಯಾಟರಿಯ ಯುಪಿಎಸ್ ಗುಂಯ್‌ಗುಡುವುದನ್ನೂ ಹಿಡಿದುಕೊಡುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಕೂತು, ಹಿಂದೆ ಒಂದು ದಪ್ಪ ರಜಾಯಿ ತೂಗುಹಾಕಿದರೆ ಅರ್ಧ ಸ್ಟುಡಿಯೊ ಆಯಿತು. ಫ್ಯಾನ್ ಆರಿಸಿ. ಗದ್ದಲದ ಬೀದಿಯಾದರೆ ಡೈನಮಿಕ್ ಮೈಕು ವಾಸಿ. ಕಂಡೆನ್ಸರ್ ಆದರೆ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡುವ ಆಡಿಯೊ ಇಂಟರ್‌ಫೇಸ್ ಬೇಕು. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಮಾತಾಡಿದರೆ ಪಕಾರ, ಭಕಾರಗಳು ಮೈಕಿಗೆ ಬಡಿಯುವುದಿಲ್ಲ. ಎಡಿಟಿಂಗ್‌ಗೆ ಅಡಾಸಿಟಿ ಪುಕ್ಕಟೆ ಸಿಗುತ್ತದೆ, ಕಲಿಯಲು ಅದು ಧಾರಾಳ ಸಾಕು. ಚಿತ್ರ, ವಿಡಿಯೊ ಕೆಲಸಕ್ಕೆ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ ಕಳಿಸುವುದು ರೂಢಿ. ಆಡಿಯೊ ಪುಸ್ತಕಕ್ಕೆ ಆಡಿಬಲ್‌ನ ಎಸಿಎಕ್ಸ್ ವೇದಿಕೆ ಇಟ್ಟಿರುವ ಅಳತೆಯನ್ನು ಗುರಿಯಾಗಿ ಇಟ್ಟುಕೊಳ್ಳಬಹುದು: ಗದ್ದಲ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗೆ, ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18ರ ನಡುವೆ, ಅತಿ ಎತ್ತರದ ದನಿ ಮೈನಸ್ 3 ದಾಟದಂತೆ.

ಡೆಮೊ ಒಂದು ನಿಮಿಷ ಮೀರದಿರಲಿ, ಎಲ್ಲಕ್ಕಿಂತ ಒಳ್ಳೆಯ ತುಣುಕು ಮೊದಲ ಹತ್ತು ಸೆಕೆಂಡಿನಲ್ಲೇ ಇರಲಿ. ಜಾಹೀರಾತಿಗೆ ಒಂದು, ಕಥನಕ್ಕೆ ಒಂದು, ಪಾತ್ರಗಳಿಗೆ ಒಂದು ಎಂದು ಬೇರೆ ಬೇರೆ ಮಾಡಿ. ಹಿನ್ನೆಲೆ ಸಂಗೀತದಲ್ಲಿ ದನಿ ಮುಳುಗಿಸಬೇಡಿ. ಹಣ ಕಟ್ಟಿ ನೋಂದಾಯಿಸಿದರೆ ಅವಕಾಶ ಗ್ಯಾರಂಟಿ ಎನ್ನುವವರಿಂದ ದೂರವಿರಿ. ಆಡಿಷನ್‌ಗೆ ಹಣ ಕೇಳುವ ಪದ್ಧತಿ ಒಳ್ಳೆಯ ಸ್ಟುಡಿಯೊಗಳಲ್ಲಿ ಇಲ್ಲ.

ಸಂಭಾವನೆ ಮಾತಾಡುವಾಗ ಮೊತ್ತದಷ್ಟೇ ಮುಖ್ಯವಾದದ್ದು ಬಳಕೆ. ಜಾಹೀರಾತು ಯಾವ ಮಾಧ್ಯಮದಲ್ಲಿ, ಎಷ್ಟು ತಿಂಗಳು? ಸ್ಕ್ರಿಪ್ಟ್ ಬದಲಾಗಿ ಮತ್ತೆ ರೆಕಾರ್ಡ್ ಮಾಡಬೇಕಾದರೆ ಯಾರ ಖರ್ಚು? ಈಗ ಇದಕ್ಕೆ ದನಿಯ ನಕಲಿನ ಪ್ರಶ್ನೆಯೂ ಸೇರಿದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅಗಲಿದಾಗ 'ಜೇಮ್ಸ್' ಚಿತ್ರದ ಡಬ್ಬಿಂಗ್ ಬಾಕಿಯಿತ್ತು. 2022ರ ಮಾರ್ಚ್‌ನಲ್ಲಿ ಅದು ಶಿವರಾಜ್‌ಕುಮಾರ್ ಅವರ ದನಿಯಲ್ಲಿ ತೆರೆಗೆ ಬಂತು, ಮರುತಿಂಗಳು ತಂತ್ರಜ್ಞಾನದ ನೆರವಿನಿಂದ ರೂಪಿಸಿದ ಪುನೀತ್ ಅವರ ದನಿಯಲ್ಲೇ ಮತ್ತೆ ಬಿಡುಗಡೆಯಾಯಿತು. ಆ ದನಿ ಕೇಳಿ ಕಣ್ಣೊರೆಸಿಕೊಂಡ ಅಭಿಮಾನಿಗಳಿಗೆ ಅದೊಂದು ಉಡುಗೊರೆ. ಅದೇ ತಂತ್ರಜ್ಞಾನವನ್ನು ಒಪ್ಪಿಗೆ ಇಲ್ಲದೆ ಬಳಸಿದರೆ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡದಂತೆ ಬಾಂಬೆ ಹೈಕೋರ್ಟ್ ತಡೆ ನೀಡಿತು. ಆ ಮಟ್ಟದ ವಕೀಲರು ನಮ್ಮ ನಿಮ್ಮ ಬಳಿ ಇರುವುದಿಲ್ಲವಾದ್ದರಿಂದ ಕಾಗದದಲ್ಲೇ ಬರೆಸಿಕೊಳ್ಳುವುದು ಮೇಲು: 'ಈ ರೆಕಾರ್ಡಿಂಗನ್ನು ಈ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು, ಯಂತ್ರ ತರಬೇತಿಗೆ, ದನಿಯ ನಕಲು ತಯಾರಿಸಲು ಬಳಸತಕ್ಕದ್ದಲ್ಲ.' ಸಣ್ಣ ಕೆಲಸವಾದರೆ ಇದೇ ವಾಕ್ಯವನ್ನು ಇಮೇಲ್‌ನಲ್ಲಿ ಬರೆದು, 'ಸರಿ' ಎಂಬ ಉತ್ತರ ಬಂದ ಮೇಲೆ ಫೈಲ್ ಕಳಿಸಿ. ಸ್ಯಾಂಪಲ್ ಎಂಬ ಹೆಸರಿನಲ್ಲಿ ಇಡೀ ಸ್ಕ್ರಿಪ್ಟನ್ನು, ಅದರಲ್ಲೂ ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಬಿಡಿ ವಾಕ್ಯಗಳನ್ನು ಓದಿಸಿಕೊಳ್ಳುವವರಿಗೆ ಮೊದಲೆರಡು ಸಾಲು ಮಾತ್ರ ಓದಿ ಕಳಿಸಿ, ಉಳಿದದ್ದಕ್ಕೆ ದರ ಹೇಳಿ.